ಕೋಡು ಮೂಡಿದ ವಿಕ್ರಮ

ನಮ್ಮ ಕಳಸಾಪುರದ ಕಡೆ ಮಕ್ಕಳ ಕೈಗೆ ಮೊದಲು ಹತ್ತುವುದು ಎರೆಮಣ್ಣು. ಬಣ್ಣದ ಪೆನ್ಸಿಲ್ಲು ಆಮೇಲೆ. ಕಾರಹುಣ್ಣಿಮೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹಸಿ ಮಣ್ಣು ತಂದು, ನಾದಿ, ಎತ್ತು ಮಾಡಿ, ಜೋಳದ ಕಾಳು ಒತ್ತಿ ಕಣ್ಣು ಮಾಡಿದರೆ ಹಬ್ಬ ಶುರುವಾದಂತೆ.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಇಸ್ರೋದ ನೌಕೆ ವಿಕ್ರಮ ಚಂದ್ರನ ಮೇಲೆ ಇಳಿದಾಗ ನಾಗರ ಪಂಚಮಿ ಮುಗಿದು ಎರಡು ದಿನವಾಗಿತ್ತು. ಡಬ್ಬಿಯ ತಳದ ಶೇಂಗಾ ಉಂಡಿ ಮೆಲ್ಲುತ್ತ ಟಿವಿ ನೋಡಿದ ಮೊಮ್ಮಗ ಮರುವರ್ಷ ಎತ್ತಿನ ಬದಲು ವಿಕ್ರಮನನ್ನೇ ಮಾಡಿದ. ನಾಲ್ಕು ಕಾಲು ಸರಿಯಾಗಿದ್ದವು. ಮೇಲೆ ಮಾತ್ರ ಎರಡು ಕೋಡು!

"ಇದಕ್ಕ ಕೋಡ್ ಯಾಕಲೇ ತಮ್ಮಾ?"

"ಕೋಡ್ ಇಲ್ಲಂದ್ರ ಆಯಿ ಪೂಜಿ ಮಾಡಂಗಿಲ್ಲ ಅಜ್ಜಾ."

ಆಯಿ ಕೋಡಿಗೆ ಕುಂಕುಮ ಹಚ್ಚಿ ಎಡೆ ಹಿಡಿದಳು. ಇಸ್ರೋ ವಿಜ್ಞಾನಿಗಳು ಉಡಾವಣೆಗೆ ಮೊದಲು ಪುಟ್ಟ ಮಾದರಿ ಹಿಡಿದು ತಿರುಪತಿಗೆ ಹೋಗಿದ್ದರು. ನಮ್ಮ ವಿಕ್ರಮನಿಗೆ ಪಡಸಾಲೆಯಲ್ಲೇ ಎಲ್ಲ ಮುಗಿಯಿತು.

ಉಳಿದ ಮಣ್ಣಿನಲ್ಲಿ ಒಂದೇ ಅಳತೆಯ 50 ಉಂಡೆ ಮಾಡಿಸಿದೆ. 49 ಸೇರಿಸಿದರೆ ಭೂಮಿ, ಉಳಿದ ಒಂದು ಚಂದ್ರ. ಓಣಿಯ ಹುಡುಗರು ಪಂಚಾಯಿತಿಗೇ ಕೂತರು: "ಪಾಪ, ಚಂದ್ರಗ ಭಾಳ ಅನ್ಯಾಯ ಆತು." ಇನ್ನು ಇವೆರಡರ ನಡುವೆ ಎಷ್ಟು ದೂರ? ಮಣ್ಣಿನ ಭೂಮಿಯನ್ನೇ ಸಾಲಾಗಿ 30 ಸಲ ಇಡುವಷ್ಟು. ಅಳೆಯುತ್ತ ಹೋದ ಮೊಮ್ಮಗ ಹೊಸ್ತಿಲು ದಾಟಿ ನಿಂತ. ಪಾಠದ ಚಿತ್ರದಲ್ಲಿ ಇಬ್ಬರೂ ಒಂದೇ ಪುಟದಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಿರುತ್ತಾರೆ. ಆ ಚಿತ್ರದ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು.

ಪರಾತದಲ್ಲಿ ಜೋಳದ ಹಿಟ್ಟು ಹರಡಿ ಹರಳು ಬೀಳಿಸುವ ಆಟವೂ ನಡೆಯಿತು. ಬಿದ್ದಲ್ಲೆಲ್ಲ ಕುಳಿ, ಸುತ್ತ ಚಿಮ್ಮಿದ ಹಿಟ್ಟಿನ ಗೆರೆ, ಥೇಟ್ ಚಂದ್ರನ ಮುಖ. ಅಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ಕೋಟ್ಯಂತರ ವರ್ಷದ ಕುಳಿಗಳೂ ಹಾಗೇ ಉಳಿದಿವೆ. ನಮ್ಮವು ಸೊಸೆ ಬರುವವರೆಗೆ ಉಳಿದವು. "ಈ ಹಿಟ್ಟಿನ ರೊಟ್ಟಿ ನೀವ ಉಣ್ರಿ ಮಾವಾರ" ಎಂದಳು. ಉಂಡೆ. ಹರಳು ಹಲ್ಲಿಗೆ ಸಿಕ್ಕಿತು.

ನಾವು ಸಣ್ಣವರಿದ್ದಾಗ ಇಷ್ಟೆಲ್ಲ ಯಾರು ಹೇಳಿಕೊಟ್ಟರು? ಆದರೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಅಂಗಾತ ಮಲಗಿದರೆ ಆಕಾಶ ತಾನಾಗಿ ಬರುತ್ತಿತ್ತು. ಈಗ ಮೊಮ್ಮಗನಿಗೆ ಚಂದ್ರನ ದಕ್ಷಿಣ ಧ್ರುವ ಗೊತ್ತು, ವಿಕ್ರಮನ ಜೊತೆ ಹೋದ ಪ್ರಜ್ಞಾನ್ ಗಾಡಿಯ ಆರು ಗಾಲಿ ಗೊತ್ತು, ಅದರ ತೂಕ 26 ಕಿಲೋ ಎಂದೂ ಗೊತ್ತು. ಬೀದಿದೀಪದ ಬೆಳಕಿನಲ್ಲಿ ನಕ್ಷತ್ರ ಮಾತ್ರ ಕಾಣುವುದಿಲ್ಲ.

ಚಂದ್ರನಾದರೋ ಇನ್ನೂ ಕಾಣುತ್ತಾನೆ. ಹುಣ್ಣಿಮೆಯ ನಂತರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುವುದರಿಂದ ರಾತ್ರಿ ಮಕ್ಕಳ ನಿದ್ದೆ ಕೆಡಿಸಬೇಕಿಲ್ಲ; ನಸುಕಿನಲ್ಲಿ ಎಬ್ಬಿಸಿದರೆ ಸಾಕು. ಈ ಸಲ ಕಾರಹುಣ್ಣಿಮೆಯಿಂದ ಮಣ್ಣೆತ್ತಿನ ಅಮಾವಾಸ್ಯೆಯವರೆಗೆ ದಿನಕ್ಕೊಂದು ಚಂದ್ರನನ್ನು ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಲು ಬಿಡಿ. ಮೋಡ ಮುಚ್ಚಿದ ದಿನ "ಇವತ್ತ ಚಂದ್ರಗ ಸೂಟಿ" ಎಂದು ಬರೆಯಲಿ. ಗೋಡೆ ಹೊಲಸಾಗುತ್ತದೆ ಎನ್ನುವವರು ಹಿತ್ತಲ ಗೋಡೆಯನ್ನಾದರೂ ಕೊಡಿ.