ಬೀಜದ ಗಡಿಗೆ

ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯಲ್ಲಿ ಪುಸ್ತಕದ ಮಾತುಗಳು ಅಡಿಗೆಮನೆಯವರೆಗೂ ನಡೆದುಬರುವುದುಂಟು. ಲೆಕ್ಕದ ಸೂತ್ರವೋ ಚರಿತ್ರೆಯ ಇಸವಿಯೋ ಒಗ್ಗರಣೆಯ ಸದ್ದಿನೊಡನೆ ಬೆರೆತು ಮನೆಯವರಿಗೆಲ್ಲ ಬಾಯಿಪಾಠವಾಗಿಬಿಡುತ್ತದೆ. ಆದರೆ ಪುಸ್ತಕದ ಮಾತು ಅಡಿಗೆಮನೆಗೆ ಬಂದು ಅಲ್ಲಿ ತನ್ನ ತವರನ್ನೇ ಕಂಡುಕೊಳ್ಳುವುದು ಅಪೂರ್ವ. ಕಳವಾರದ ಒಂದು ಮನೆಯಲ್ಲಿ ಅಂಥ ಪ್ರಸಂಗವೊಂದು ನಡೆಯಿತು.

ಕಳವಾರವು ಚಿಕ್ಕಬಳ್ಳಾಪುರಕ್ಕೆ ಸಮೀಪದ ಹಳ್ಳಿ. ಅದರ ಬೆನ್ನಿಗೆ ನಿಂತ ಬೆಟ್ಟವನ್ನು ಪಟ್ಟಣದವರು ಸ್ಕಂದಗಿರಿಯೆನ್ನುತ್ತಾರೆ. ಊರಿನವರಿಗೆ ಅದು ಕಳವಾರದ ಬೆಟ್ಟ. ವಾರದ ಕೊನೆ ಬಂತೆಂದರೆ ಬೆಂಗಳೂರಿನ ತರುಣ ತರುಣಿಯರು ತುದಿಯಲ್ಲಿ ನಿಂತು ಕಾಲ ಕೆಳಗೆ ಹರಿಯುವ ಮೋಡವನ್ನು ನೋಡಲೆಂದು ನಸುಕಿನಲ್ಲಿಯೇ ಬಂದಿಳಿಯುತ್ತಾರೆ. ಬೆಟ್ಟದಡಿಯ ಹೊಲಗಳ ಕಡೆಗೆ ಅವರ ಕಣ್ಣು ಹೋಗುವುದು ಕಡಮೆ. ಮೋಡಕ್ಕಿರುವ ಮೋಹ ರಾಗಿಗೆಲ್ಲಿ ಬರಬೇಕು!

ಈ ಊರಿನ ಆ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರಿದ್ದಾರೆ. ಮೊಮ್ಮಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ. ಆಷಾಢದ ರಜೆಗೆ ಬಂದವಳು ಜಗಲಿಯ ಮೇಲೆ ಕುಳಿತು ಸಸ್ಯತಳಿ ಶಾಸ್ತ್ರದ ಪಾರಿಭಾಷಿಕ ಪದಗಳನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದಳು. ಅಜ್ಜಿ ಬಹಳ ಹೊತ್ತು ಕೇಳಿದರು. ಕೊನೆಗೆ ತಾಳಲಾರದೆ ಹೊರಗೆ ಬಂದರು.

“ಅದೇನೇ ಅದು, ಬೆಳಗ್ಗೆಯಿಂದ ತಳಿ ತಳಿ ಅಂತ ಒದರ್ತಾ ಇದ್ದೀಯ? ಹೆಣ್ಣು ನೋಡೋಕೆ ಬಂದೋರು ಮನೆತನ ವಿಚಾರಿಸಿದ ಹಾಗಾಯ್ತು!”

ಅಜ್ಜಿ ಹಾಸ್ಯಕ್ಕಾಗಿ ಆಡಿದ ಮಾತು ಶಾಸ್ತ್ರಕ್ಕೆ ದೂರವಾದುದಲ್ಲ. ರಾಗಿಯೆಂಬುದು ಒಂದು ಪ್ರಭೇದ, ಅದು ಕುಲವಿದ್ದಂತೆ. ಆ ಕುಲದಲ್ಲಿ ಅನೇಕ ಮನೆತನಗಳುಂಟು, ಅವೇ ತಳಿಗಳು. ಹಸಿರುಕಂಬಿ, ಗಿಡ್ಡ ರಾಗಿ, ಕರಿಗಿಡ್ಡ, ಉಂಡೆ ರಾಗಿ, ಬಿಳಿ ರಾಗಿ, ರುದ್ರಜಡೆ, ಕೋಣನಕೊಂಬು: ಹೆಸರನ್ನು ಕೇಳಿದರೇ ತೆನೆಯ ಆಕಾರ ಕಣ್ಣಿಗೆ ಕಟ್ಟುತ್ತದೆ. ಹೆಸರಿಟ್ಟವರು ಪಂಡಿತರಲ್ಲ, ಹೊಲದಲ್ಲಿ ಬಾಗಿ ಕಳೆ ಕಿತ್ತವರು. ಹೀಗೆ ಒಂದೊಂದು ಸೀಮೆಯ ಮಳೆ ಮಣ್ಣುಗಳಿಗೆ ಹೊಂದಿಕೊಂಡು, ರೈತರ ಕೈಯಲ್ಲಿ ತಲೆಮಾರುಗಳಿಂದ ಉಳಿದುಬಂದುದಕ್ಕೆ ಶಾಸ್ತ್ರ ದೇಶೀ ತಳಿಯೆನ್ನುತ್ತದೆ. ಅಜ್ಜಿ ನಾಟಿ ಎನ್ನುತ್ತಾರೆ.

“ಪುಸ್ತಕದಲ್ಲಿ ಅದಕ್ಕೆ ಏನಂತ ಬರೆದಿದಾರೆ?” ಎಂದು ಅಜ್ಜಿ ಕೇಳಿದರು.

“ನಾಟಿ ತಳಿ ಅನ್ನೋದು ಒಂದೇ ಬಗೆಯದಲ್ಲ ಅಜ್ಜಿ, ಒಂದು ಹೊಲದಲ್ಲೇ ಹಲವು ಗುಣ ಬೆರೆತಿರುತ್ತೆ ಅಂತ.”

“ಅದಕ್ಕೆ ಪುಸ್ತಕ ಯಾಕೆ ಬೇಕಿತ್ತು?”

ಅಜ್ಜಿಯ ಪದ್ಧತಿಯೇ ಅದಾಗಿತ್ತು. ಕೊಯ್ಲಿಗೆ ಮೊದಲು ಹೊಲವನ್ನೆಲ್ಲ ಒಂದು ಸುತ್ತು ಹಾಕಿ ಬಿತ್ತನೆಯ ತೆನೆಗಳನ್ನು ತಾವೇ ಆರಿಸುತ್ತಿದ್ದರು. ದಪ್ಪ ತೆನೆಗಳನ್ನಷ್ಟೇ ಆರಿಸುವುದು ಅವರ ಕ್ರಮವಲ್ಲ. ಬೇಗ ಮಾಗಿದ ಕೆಲವು, ತಡವಾಗಿ ಮಾಗಿದ ಕೆಲವು, ನೀರು ನಿಂತ ಕಡೆ ಬದುಕಿದ ಎರಡು, ಕಲ್ಲುನೆಲದಲ್ಲಿ ನಿಂತ ಎರಡು. ಎಲ್ಲವೂ ಒಂದೇ ತರಹದವಾದರೆ ಮಳೆ ಕೈಕೊಟ್ಟ ವರ್ಷ ಎಲ್ಲವೂ ಒಟ್ಟಿಗೇ ಒಣಗುತ್ತವೆ ಎಂಬುದು ಅವರ ಅತ್ತೆ ಕಲಿಸಿದ ಪಾಠ. ತಳಿ ವೈವಿಧ್ಯವೆಂಬ ದೊಡ್ಡ ಮಾತಿನ ತಿರುಳು ಇಷ್ಟೇ.

ರಾಗಿಯ ಹೂವು ಬಹಳ ಚಿಕ್ಕದು. ಮನೆಯವರು ಏಳುವ ಮೊದಲೇ ಅರಳಿ ತನ್ನ ಪರಾಗವನ್ನು ತಾನೇ ಸ್ವೀಕರಿಸಿಬಿಡುತ್ತದೆ. ಆದುದರಿಂದ ಒಂದು ತೆನೆಯ ಸಂತಾನ ಬಹುಮಟ್ಟಿಗೆ ಆ ತೆನೆಯಂತೆಯೇ ಇರುತ್ತದೆ. ನಾಟಿ ರಾಗಿಯ ಹೊಲವೆಂದರೆ ಅಂಥ ಅನೇಕ ವಂಶಗಳ ಜಾತ್ರೆ. ಆ ಜಾತ್ರೆಯಿಂದ ಒಂದೇ ಒಳ್ಳೆಯ ಗಿಡವನ್ನು ಹೆಕ್ಕಿ, ಅದರ ಸಂತಾನವನ್ನು ಮಾತ್ರ ಬೆಳೆಸಿದರೆ ಶುದ್ಧ ವಂಶ ದೊರೆಯುತ್ತದೆ. ಡೆನ್ಮಾರ್ಕಿನ ಯೋಹಾನ್ಸೆನ್ ಹುರುಳಿಕಾಯಿ ಜಾತಿಯ ಗಿಡಗಳ ಮೇಲೆ ಪ್ರಯೋಗ ನಡೆಸಿ 1903ರಲ್ಲಿ ಈ ತತ್ವವನ್ನು ಪ್ರಕಟಿಸಿದನು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಇದ್ದ ಕಾಲದಲ್ಲಿ ಹೆಬ್ಬಾಳದ ಕ್ಷೇತ್ರದಲ್ಲಿ ಇದೇ ಕ್ರಮವನ್ನು ರಾಗಿಗೆ ಅನ್ವಯಿಸಿದರು. ಎಚ್-22 ಎಂಬ ರಾಗಿ ಹುಟ್ಟಿದುದು ಹೀಗೆ. ಇದು ಹೊಸ ಸೃಷ್ಟಿಯಲ್ಲ; ಇದ್ದುದರಲ್ಲಿ ಆರಿಸಿಕೊಂಡದ್ದು. ಆಯ್ಕೆಗೆ ಒಂದು ಮಿತಿಯುಂಟು: ಹೊಲದಲ್ಲಿಲ್ಲದ ಗುಣವನ್ನು ಎಷ್ಟು ಹುಡುಕಿದರೂ ಆರಿಸಲಾಗದು.

ಆ ಮಿತಿಯನ್ನು ದಾಟಿದವರು ರಾಗಿ ಲಕ್ಷ್ಮಣಯ್ಯನವರು. 1921ರಲ್ಲಿ ಹುಟ್ಟಿದ ಈ ವಿಜ್ಞಾನಿ ಮಂಡ್ಯದ ವಿ. ಸಿ. ಫಾರಮ್ಮಿನಲ್ಲಿ ರಾಗಿಯ ಸಂಕರಣವನ್ನು ತಪಸ್ಸಿನಂತೆ ನಡೆಸಿದರು. ಸಂಕರಣವೆಂದರೆ ಒಂದು ತಳಿಯ ಪರಾಗವನ್ನು ಇನ್ನೊಂದಕ್ಕೆ ಕೂಡಿಸುವುದು. ರಾಗಿಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಸಾಸಿವೆಗಿಂತ ಕಿರಿದಾದ ಹೂವಿನೊಳಗಿನ ಕೇಸರವನ್ನು ಕೀಳುವುದು ಹೇಗೆ? ಹೂ ಅರಳುವ ಮುನ್ನ ಎರಡು ತಳಿಗಳ ತೆನೆಗಳನ್ನು ಸೇರಿಸಿ ಕಟ್ಟಿ, ಪರಾಗ ತಾನಾಗಿ ಬೀಳಲೆಂದು ಬಿಡುವುದು ಒಂದು ಉಪಾಯ. ಸಾವಿರಾರು ಸಸಿಗಳಲ್ಲಿ ನಿಜವಾಗಿ ಕೂಡಿ ಹುಟ್ಟಿದವು ಯಾವುವೆಂಬುದನ್ನು ಗಿಡದ ನೇರಿಳೆ ಬಣ್ಣದಂಥ ಗುರುತಿನಿಂದ ಪತ್ತೆಹಚ್ಚಬೇಕು. ಕಣ್ಣು, ಬೆನ್ನು, ಸಹನೆ ಮೂರೂ ಗಟ್ಟಿಯಾಗಿರಬೇಕಾದ ಕೆಲಸ.

ಲಕ್ಷ್ಮಣಯ್ಯನವರು ನಾಡಿನ ರಾಗಿಗೆ ಆಫ್ರಿಕಾದಿಂದ ನೆಂಟಸ್ತಿಕೆ ತಂದರು. ಒಂದು ದೃಷ್ಟಿಯಲ್ಲಿ ಅದು ಹೊಸ ನೆಂಟಸ್ತಿಕೆಯಲ್ಲ, ತವರಿನ ಕರೆ. ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಮಗಳು ಇಲ್ಲಿನವಳೇ ಆಗಿಹೋಗಿದ್ದಳು. ಇಂಡಿಯಾ ಮತ್ತು ಆಫ್ರಿಕಾಗಳ ಹೆಸರುಗಳು ಸೇರಿ ‘ಇಂಡಾಫ್’ ಎಂಬ ಹೆಸರಾಯಿತು. ಮುಂದೆ ಬೆಂಕಿ ರೋಗವನ್ನು ತಡೆದುಕೊಳ್ಳುವುದೆಂದು ಹೆಸರಾದ ಜಿಪಿಯು-28 ತಳಿಯ ಪೂರ್ವಿಕರಲ್ಲಿ ಇಂಡಾಫ್-5 ಕೂಡ ಉಂಟು. ಒಣಭೂಮಿಯ ರೈತನ ಕಣಜದಲ್ಲಿ ಹೆಚ್ಚು ರಾಗಿ ಬಿದ್ದುದು ಇಂಥವರ ದುಡಿಮೆಯಿಂದ.

ಇಲ್ಲಿ ಅಜ್ಜಿ ಒಂದು ಪ್ರಶ್ನೆ ಹಾಕಿದರು. “ಅಂಗಡಿ ಟೊಮೇಟೋ ಬೀಜಾನೂ ಹೈಬ್ರಿಡ್ಡು, ಇಂಡಾಫೂ ಹೈಬ್ರಿಡ್ಡು ಅಂತಾರೆ. ಇಂಡಾಫ್ ಬೀಜ ಮನೇಲಿಟ್ಟು ಬಿತ್ತುತಿದ್ವಿ. ಟೊಮೇಟೋ ಬೀಜ ಇಟ್ಟರೆ ಕೆಡುತ್ತೆ. ಯಾಕೆ?”

ಪ್ರಾಧ್ಯಾಪಕರು ಕೇಳಬಹುದಾದ ಪ್ರಶ್ನೆ. ಮೊಮ್ಮಗಳು ಸ್ವಲ್ಪ ತಡೆದು, ಶಿಡ್ಲಘಟ್ಟದ ರೇಷ್ಮೆಯನ್ನು ನೆನೆಸಿಕೊಂಡಳು. ಮೈಸೂರು ತಳಿಯ ತಾಯಿ, ದ್ವಿತಳಿಯ ತಂದೆ. ಇವರ ಮೊದಲ ಪೀಳಿಗೆಯೇ ಶಿಡ್ಲಘಟ್ಟದ ಮಾರುಕಟ್ಟೆಗೆ ರಾಶಿರಾಶಿಯಾಗಿ ಬರುವ ಮಿಶ್ರತಳಿಯ ಗೂಡು. ತಾಯಿಯ ಗಟ್ಟಿತನವೂ ತಂದೆಯ ನೂಲಿನ ಸಮೃದ್ಧಿಯೂ ಅದರಲ್ಲಿ ಕೂಡುತ್ತವೆ. ಮೊದಲ ಪೀಳಿಗೆಯಲ್ಲಿ ಕಾಣುವ ಈ ಕಸುವಿಗೆ ಸಂಕರ ಹುರುಪು ಎಂದು ಹೆಸರು. ಆ ಗೂಡಿನಿಂದಲೇ ಚಿಟ್ಟೆ ತೆಗೆದು ಮೊಟ್ಟೆ ಇಡಿಸಿದರೆ ಗುಣಗಳು ಚದುರುತ್ತವೆ. ಒಂದು ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ. ಅದಕ್ಕಾಗಿಯೇ ರೈತರು ಪ್ರತಿ ಬೆಳೆಗೂ ಹೊಸ ಮೊಟ್ಟೆ ತರುತ್ತಾರೆ. ಅಂಗಡಿಯ ಸಂಕರ ಟೊಮೇಟೋ ಬೀಜದ ಗುಟ್ಟೂ ಇದೇ. ಇಂಡಾಫ್ ಹಾಗಲ್ಲ. ಕೂಡಿಸಿದ ಮೇಲೆ ಹಲವು ಪೀಳಿಗೆಗಳವರೆಗೆ ಆರಿಸಿ ಆರಿಸಿ, ಚದುರುವುದು ನಿಂತ ಅನಂತರ ರೈತರ ಕೈಗೆ ಕೊಟ್ಟದ್ದು. ಅದರ ಬೀಜವನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು.

“ಈಗ ತಿಳೀತು ನೋಡು” ಎಂದು ಅಜ್ಜಿ ಒಳಗೆ ಹೋದರು. ಬರುವಾಗ ಅವರ ಕೈಯಲ್ಲಿ ಒಂದು ಮಣ್ಣಿನ ಗಡಿಗೆಯಿತ್ತು. ಬಾಯಿಗೆ ಬಟ್ಟೆ ಕಟ್ಟಿತ್ತು.

ಗಡಿಗೆಯಲ್ಲಿದ್ದುದು ಅಜ್ಜಿಯ ಗಿಡ್ಡ ರಾಗಿ. ಅದನ್ನು ಬಿತ್ತಿ ನಾಲ್ಕು ವರ್ಷಗಳಾಗಿದ್ದವು. ಮೊದಲ ವರ್ಷ ಅಜ್ಜಿಯ ಕಣ್ಣಿನ ಶಸ್ತ್ರಚಿಕಿತ್ಸೆ. ಮರುವರ್ಷ ಮಗ ಹೊಲಕ್ಕೆಲ್ಲ ಜಿಪಿಯು-28 ಹಾಕಿದ. ಆಮೇಲೆ ಟೊಮೇಟೋ ಬಂತು. ನೆರೆಹೊರೆಯಲ್ಲಿ ವಿಚಾರಿಸಿದರೆ ಆ ಬೀಜ ಯಾರ ಮನೆಯಲ್ಲಿಯೂ ಉಳಿದಿರಲಿಲ್ಲ. ಈಗ ಮಗನಿಗೆ ಇನ್ನೊಂದು ಯೋಚನೆ: ಬೆಟ್ಟಕ್ಕೆ ಬರುವವರ ಕಾರು ನಿಲ್ಲಿಸಲು ರಸ್ತೆಯಂಚಿನ ಹೊಲವನ್ನು ಸಮಮಾಡಿಸಿದರೆ ವಾರಕ್ಕೆರಡು ದಿನ ಕೂತಲ್ಲಿಯೇ ಹಣ. ಅವನನ್ನು ದೂರುವುದೂ ಸರಿಯಲ್ಲ. ಸಾಲದ ಕಂತು ರಾಗಿಯ ಕುಲಗೋತ್ರವನ್ನು ಕೇಳುವುದಿಲ್ಲ.

ಒಂದು ಗಡಿಗೆ ರಾಗಿ ಹೋದರೆ ಏನು ಮಹಾ ನಷ್ಟವೆಂದು ಪೇಟೆಯವರು ಕೇಳಬಹುದು. ಉತ್ತರ ಚರಿತ್ರೆಯಲ್ಲಿದೆ. ಐರ್ಲೆಂಡಿನ ಬಡವರು ಬಹುಮಟ್ಟಿಗೆ ಒಂದೇ ತಳಿಯ ಆಲೂಗಡ್ಡೆಯನ್ನು ನಂಬಿ ಬದುಕಿದ್ದರು. 1845ರಲ್ಲಿ ಅಂಗಮಾರಿ ರೋಗ ಬಂದಾಗ ತಡೆದು ನಿಲ್ಲುವ ಗಿಡ ಹೊಲದಲ್ಲಿರಲಿಲ್ಲ. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. 1970ರಲ್ಲಿ ಅಮೆರಿಕದ ಸಂಕರ ಮುಸುಕಿನ ಜೋಳದ ಬಹುಭಾಗಕ್ಕೆ ಒಂದೇ ಬಗೆಯ ತಾಯಿಮೂಲವಿದ್ದುದರಿಂದ ಎಲೆಯ ರೋಗವೊಂದು ಆ ಬೆಳೆಯನ್ನು ಬೆಂಕಿಯಂತೆ ಸುತ್ತಿತು. ತಳಿಗಳ ಈ ಕಣ್ಮರೆಗೆ ತಳಿ ಸವಕಳಿಯೆಂದು ಹೆಸರು. ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುವಂತೆ ಅದು ಸದ್ದಿಲ್ಲದೆ ನಡೆಯುತ್ತದೆ. ಮತ್ತು ಇದರಲ್ಲೊಂದು ವಿಪರ್ಯಾಸವುಂಟು: ಹಳೆಯ ತಳಿಗಳಿಂದ ಹುಟ್ಟಿದ ಒಳ್ಳೆಯ ಹೊಸ ತಳಿಯೇ ಹಳೆಯವನ್ನು ಹೊಲದಿಂದ ಹೊರಗಟ್ಟುತ್ತದೆ. ನಾಳೆಯ ರೋಗಕ್ಕೆ ಮದ್ದು ಬೇಕಾದಾಗ ತಳಿವಿಜ್ಞಾನಿ ಹುಡುಕಿಕೊಂಡು ಹೋಗುವುದು ಆ ಹಳೆಯವನ್ನೇ.

ಇದನ್ನು ಮೊದಲೇ ಕಂಡ ರಷ್ಯದ ವಾವಿಲೋವ್ ದೇಶದೇಶ ತಿರುಗಿ ಬೀಜ ಕೂಡಿಸಿದನು. ಬೀಜದಲ್ಲಿ ಅಡಗಿದ ಈ ಗುಣಗಳ ಭಂಡಾರಕ್ಕೆ ಜನನದ್ರವ್ಯವೆನ್ನುತ್ತಾರೆ. ಅವನು 1943ರಲ್ಲಿ ಸೆರೆಮನೆಯಲ್ಲಿ ಸತ್ತನು. ಲೆನಿನ್‌ಗ್ರಾಡ್ ಮುತ್ತಿಗೆಯ ದಿನಗಳಲ್ಲಿ ಅವನ ಸಹೋದ್ಯೋಗಿಗಳು ಅಕ್ಕಿ ಗೋಧಿಗಳ ಚೀಲದ ಪಕ್ಕದಲ್ಲಿಯೇ ಹಸಿವಿನಿಂದ ಪ್ರಾಣ ಬಿಟ್ಟರು, ಬೀಜವನ್ನು ಬೇಯಿಸಲಿಲ್ಲ.

ಈ ಮಾತನ್ನು ಕೇಳಿದಾಗ ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡರು. “ಪುಣ್ಯಾತ್ಮರು! ಬಿತ್ತನೆ ಕಾಳು ತಿನ್ನಬಾರದು ಅಂತ ಅವರಿಗೂ ಅತ್ತೆ ಹೇಳಿಕೊಟ್ಟಿದ್ದರೋ ಏನೋ.”

ನಾಲ್ಕು ವರ್ಷದ ಬೀಜಕ್ಕೆ ಜೀವವಿದೆಯೋ ಇಲ್ಲವೋ ಎಂಬುದು ಮುಂದಿನ ಪ್ರಶ್ನೆ. ಮೊಮ್ಮಗಳು ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಲೆಯ ಬಳಿ ಬೆಚ್ಚಗಿಟ್ಟಳು. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನವೂ ಇಲ್ಲ. ಅಜ್ಜಿ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ರಾತ್ರಿ ಎದ್ದು ದೀಪ ಹಾಕಿ ಬಟ್ಟೆಯನ್ನು ಬಿಡಿಸಿ ನೋಡಿದ್ದು ಮೊಮ್ಮಗಳಿಗೆ ಗೊತ್ತಾಯಿತು. ನಾಲ್ಕನೆಯ ದಿನ ಬೆಳಗ್ಗೆ ಬಿಳಿಯ ಮೊಳಕೆಗಳು ಕಂಡವು. ಎಲ್ಲರೂ ಸುತ್ತ ಕುಳಿತು ಎಣಿಸಿದರು, ಮಗನೂ ಎಣಿಸಿದ. ನೂರಕ್ಕೆ ನಲವತ್ತೊಂದು.

“ನಲವತ್ತೊಂದು ಅಂದರೆ ಪಾಸೇ ತಾನೆ?” ಎಂದರು ಅಜ್ಜಿ.

ಮೊಮ್ಮಗಳು ಬೀಜವನ್ನು ಜೀನ್ ಬ್ಯಾಂಕಿಗೆ ಒಪ್ಪಿಸುವ ಮಾತೆತ್ತಿದಳು. ಅಲ್ಲಿ ತೇವವಾರಿಸಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿಟ್ಟರೆ ಬೀಜ ಎಷ್ಟೋ ದಶಕಗಳ ಕಾಲ ಬದುಕಿರುತ್ತದೆ. ದೆಹಲಿಯ ರಾಷ್ಟ್ರೀಯ ಕೇಂದ್ರದಲ್ಲಿಯೂ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟಿನಲ್ಲಿಯೂ ಹೀಗೆ ಸಾವಿರಾರು ಬಗೆಯ ರಾಗಿಗಳು ನಿದ್ರಿಸುತ್ತಿವೆ. ಬೆಂಗಳೂರಿನಲ್ಲಿಯೂ ಸಂಗ್ರಹವುಂಟು.

“ಉಳಿಯುತ್ತೆ ಸರಿ. ಕಲಿಯುತ್ತಾ?” ಎಂದು ಅಜ್ಜಿ ಕೇಳಿದರು. ಅವರ ಅರ್ಥ ಇಷ್ಟು: ಹೊಲದಲ್ಲಿರುವ ಬೀಜ ವರ್ಷವರ್ಷವೂ ಹೊಸ ಮಳೆಯನ್ನು, ಹೊಸ ಹುಳುವನ್ನು ಕಂಡು ಪಾಠ ಕಲಿಯುತ್ತದೆ; ಪೆಟ್ಟಿಗೆಯಲ್ಲಿ ಮಲಗಿದ ಬೀಜ ಮಲಗಿದ ದಿನದ ಬುದ್ಧಿಯಲ್ಲಿಯೇ ಏಳುತ್ತದೆ. ಪೆಟ್ಟಿಗೆಯ ರಕ್ಷಣೆ, ಹೊಲದ ರಕ್ಷಣೆ ಎರಡೂ ಬೇಕೆಂದು ಮೊಮ್ಮಗಳ ಪುಸ್ತಕವೂ ಹೇಳುತ್ತಿತ್ತು. ಅವಳು ಆ ಪುಟವನ್ನು ತೆರೆದು ಅಪ್ಪನ ಮುಂದಿಟ್ಟಳು.

ಅವನು ಪುಸ್ತಕವನ್ನು ನೋಡಲಿಲ್ಲ. ಬಟ್ಟೆಯ ಮೇಲಿನ ಮೊಳಕೆಗಳನ್ನು ನೋಡಿದ. ಬಹಳ ಹೊತ್ತಿನ ಮೇಲೆ, “ಕಾರು ನಿಲ್ಲಿಸೋಕೆ ಮುಕ್ಕಾಲು ಹೊಲ ಸಾಕಮ್ಮ” ಎಂದ.

ಬೀಜವನ್ನು ಎರಡು ಪಾಲು ಮಾಡಿದರು. ಒಂದು ಪಾಲು ಊರಿನ ಹೆಸರು, ತಳಿಯ ಹೆಸರು ಬರೆದ ಲಕೋಟೆಯಲ್ಲಿ ಬೆಂಗಳೂರಿಗೆ ಹೋಯಿತು. ಇನ್ನೊಂದು ಮಳೆ ಬಿದ್ದ ಮೇಲೆ ಬೆಟ್ಟದ ಕಡೆಯ ಕಾಲು ಹೊಲಕ್ಕೆ ಹೋಯಿತು. ಮೊಳೆಯುವುದು ಅರ್ಧಕ್ಕಿಂತ ಕಡಮೆಯಾದುದರಿಂದ ಬೀಜವನ್ನು ದಟ್ಟವಾಗಿ ಬಿತ್ತಿದರು. ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಬಿದ್ದವು.

ಲಕೋಟೆ ಅಂಟಿಸುವ ಮುನ್ನ ಅಜ್ಜಿ ಅದರೊಳಕ್ಕೆ ಒಂದು ಬೇವಿನ ಎಲೆ ಹಾಕಲು ಹೊರಟಿದ್ದರು. ಅಲ್ಲಿ ಹುಳು ಬರುವುದಿಲ್ಲ, ಅಷ್ಟು ಚಳಿಯೆಂದು ಮೊಮ್ಮಗಳು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. “ಅಷ್ಟು ಚಳೀಲಿ ಹೇಗಿರುತ್ತೋ ಪಾಪ” ಎಂದು, ಗಂಡನ ಮನೆಗೆ ಹೊರಟ ಮಗಳ ತಲೆ ಸವರುವಂತೆ ಲಕೋಟೆಯನ್ನು ಒಮ್ಮೆ ಸವರಿ ಕೊಟ್ಟರು.