ನಮ್ಮೂರ ಶಾಲೆ: ಆಗಸ್ಟ್‌ನಲ್ಲಿ ನಾನು ಹಾಕಿದ್ದ ಸ್ಟೋರಿ ತಪ್ಪು

(1/6)

ಮೊದಲನೇ ಫೋಟೋದಲ್ಲಿ ತೂಗಾಡ್ತಿರೋದು ರೈಲು ಕಂಬಿಯ ತುಂಡು. ನಮ್ಮೂರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಬೆಲ್ಲು ಇದೇ. ನಾನು ಒಂದನೇ ಕ್ಲಾಸಲ್ಲಿದ್ದಾಗಲೂ ಇದೇ ಇತ್ತು, ಈಗಲೂ ಇದೇ ಇದೆ. ಹೊಡೆಯೋ ಕೈ ಮಾತ್ರ ಬದಲಾಗಿದೆ.

ನನ್ನನ್ನ ಫಾಲೋ ಮಾಡೋರಲ್ಲಿ ತುಂಬಾ ಜನಕ್ಕೆ ಆಗಸ್ಟ್‌ನಲ್ಲಿ ನಾನು ಹಾಕಿದ್ದ ಸ್ಟೋರಿ ನೆನಪಿರಬಹುದು. ಬೀಗ ಹಾಕಿದ ಶಾಲೆ ರೂಮಿನ ಫೋಟೋ. ಮೇಲೆ ದಪ್ಪ ಅಕ್ಷರದಲ್ಲಿ, "ಹದಿನಾಲ್ಕು ವರ್ಷ ಇದ್ದ ಟೀಚರ್ ಒಂದು ಮಾತೂ ಹೇಳದೆ ಟ್ರಾನ್ಸ್‌ಫರ್ ತಗೊಂಡು ಹೋದ್ರು. ಬಡವರ ಮಕ್ಕಳು ಯಾರಿಗೆ ಬೇಕು?" ನಿಮ್ಮಲ್ಲಿ ಎಷ್ಟೋ ಜನ ಅಳೋ ಎಮೋಜಿ ಕಳಿಸಿದ್ರಿ, ಶೇರ್ ಮಾಡಿದ್ರಿ. ನಮ್ಮ ಕ್ಲಾಸ್ ಗ್ರೂಪಲ್ಲಿ ಅದರ ಮೇಲೆ ಒಂದು ಸಂಜೆ ಪೂರ್ತಿ ಚರ್ಚೆ ನಡೀತು. ನನಗೆ ಅವತ್ತು ಒಳಗೊಳಗೇ ಖುಷಿಯಾಗಿತ್ತು, ಅದನ್ನೂ ಮುಚ್ಚಿಡಲ್ಲ.

ಆ ಸ್ಟೋರಿ ತಪ್ಪು. ಅರ್ಧ ತಪ್ಪು ಅಲ್ಲ, ಪೂರ್ತಿ ತಪ್ಪು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಸ್ಟೋರಿ ಓದೋಕೆ ಹತ್ತು ಸೆಕೆಂಡ್ ಕೊಟ್ಟಿದ್ರಲ್ಲ, ಇದಕ್ಕೆ ಹತ್ತು ನಿಮಿಷ ಕೊಡಿ.

(2/6)

ಮೊದಲು ಟೀಚರ್ ವಿಷಯ. ಅವರ ಹೆಸರು ಹಾಕಲ್ಲ. ಈ ಸಲ ಅವರನ್ನ ಕೇಳದೆ ಹೆಸರು ಹಾಕೋ ಧೈರ್ಯ ನನಗಿಲ್ಲ.

ಅವರ ಯಜಮಾನ್ರು ಬೇರೆ ಜಿಲ್ಲೆಯಲ್ಲಿ ಕೆಲಸದಲ್ಲಿದ್ದಾರೆ. ಹದಿನಾಲ್ಕು ವರ್ಷ ಇವರು ಇಲ್ಲಿ, ಅವರು ಅಲ್ಲಿ. ಮಗಳು ಸ್ವಲ್ಪ ದಿನ ಅಜ್ಜಿ ಮನೇಲಿ, ಸ್ವಲ್ಪ ದಿನ ಇವರ ಜೊತೆ ಬಾಡಿಗೆ ಮನೇಲಿ. ಗಂಡ ಹೆಂಡತಿ ಒಂದೇ ಕಡೆ ಇರೋಕೆ ಶಿಕ್ಷಕರ ವರ್ಗಾವಣೆಯಲ್ಲಿ ಅವಕಾಶ ಇದೆ, ಅದಕ್ಕೆ ದಂಪತಿ ಪ್ರಕರಣ ಅಂತಾರೆ. ಅರ್ಜಿ ಹಾಕಬೇಕು, ಪಟ್ಟಿಯಲ್ಲಿ ಹೆಸರು ಬರಬೇಕು, ಕೌನ್ಸೆಲಿಂಗ್‌ನಲ್ಲಿ ಖಾಲಿ ಇರೋ ಶಾಲೆ ಸಿಗಬೇಕು. ಇವರಿಗೆ ಹಿಂದೆ ಎರಡು ಸಲ ಸಿಕ್ಕಿರಲಿಲ್ಲ. ಈ ಸಲ ಸಿಕ್ತು.

"ಹೇಳದೆ ಹೋದ್ರು" ಅಂತ ಬರೆದಿದ್ದೆನಲ್ಲ? ಅವರು ಹೇಳಿದ್ರು. ಜೂನ್‌ನಲ್ಲಿ ಎಸ್.ಡಿ.ಎಂ.ಸಿ. ಮೀಟಿಂಗಲ್ಲಿ ಎಲ್ಲರ ಮುಂದೆ ಹೇಳಿದ್ರು. ಹೋಗೋ ದಿನ ಅಡುಗೆ ಕೋಣೆಗೆ ಬಂದು ನಮ್ಮಮ್ಮನ ಪಕ್ಕ ಮಣೆ ಹಾಕ್ಕೊಂಡು ಕೂತು, ಮಕ್ಕಳ ಸಾಲಲ್ಲಿ ಉಳಿದಿದ್ದ ಅನ್ನ ಸಾರು ಊಟ ಮಾಡಿ ಹೋದ್ರು. ನಮ್ಮಮ್ಮ ಅದೇ ಶಾಲೇಲಿ ಬಿಸಿಯೂಟದ ಅಡುಗೆ ಮಾಡ್ತಾರೆ. ಅಮ್ಮನಿಗೆ ಎಲ್ಲ ಗೊತ್ತಿತ್ತು, ಅಮ್ಮನನ್ನ ಕೇಳೋಕೆ ನನಗೆ ಟೈಮ್ ಇರಲಿಲ್ಲ. ಬೆಳಿಗ್ಗೆ 7:40ಕ್ಕೆ ತಿಪಟೂರು ಬಸ್ಸು, ವಾಪಸ್ ಬಂದ್ರೆ ಫೋನು. ಒಂದು ಶನಿವಾರ ಮಧ್ಯಾಹ್ನ ಬಸ್ ಇಳಿದು ಬರುವಾಗ ಬೀಗ ಕಂಡಿತು, ಫೋಟೋ ತೆಗೆದೆ, ಮನೆ ಬಾಗಿಲು ತಲುಪೋದರೊಳಗೆ ಪೋಸ್ಟ್ ಆಗಿತ್ತು. ಶನಿವಾರ ಶಾಲೆ ಅರ್ಧ ದಿನ, ಅದಕ್ಕೇ ಬೀಗ. ಅಷ್ಟನ್ನೂ ಯೋಚನೆ ಮಾಡಲಿಲ್ಲ.

ಟೀಚರ್‌ಗೆ ಆ ಸ್ಟೋರಿ ಅವರ ಮಗಳೇ ತೋರಿಸಿದಳಂತೆ. ಅವರು ಅಮ್ಮನಿಗೆ ಫೋನ್ ಮಾಡಿದ್ರು. ಬೈಯಲಿಲ್ಲ. "ಅವಳ ಓದು ಹೇಗೆ ನಡೀತಿದೆ?" ಅಂತ ಕೇಳಿದ್ರಂತೆ. ಬೈದಿದ್ರೇ ಚೆನ್ನಾಗಿತ್ತು.

(3/6)

ಈಗ ಶಾಲೇಲಿ ಯಾರ್ಯಾರಿದ್ದಾರೆ?

ಒಂದರಿಂದ ಐದರವರೆಗೆ 34 ಮಕ್ಕಳು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಈ ಐದು ಕ್ಲಾಸಿಗೆ ಸೇರಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಒಬ್ಬರು ಹೋದ್ರು, ಉಳಿದವರು ಸರ್. ಅವರೇ ಈಗ ಪ್ರಭಾರ ಮುಖ್ಯ ಶಿಕ್ಷಕರು. ಅಂದ್ರೆ ಪಾಠಾನೂ ಅವರೇ, ಹಾಲಿನ ಪುಡಿ ಲೆಕ್ಕಾನೂ ಅವರೇ, ಆನ್‌ಲೈನ್ ಎಂಟ್ರಿನೂ ಅವರೇ, ಬಿ.ಇ.ಓ. ಆಫೀಸ್ ಮೀಟಿಂಗಿಗೆ ಓಡೋದೂ ಅವರೇ.

ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕಿ ಬಂದಿದ್ದಾರೆ. ಪಕ್ಕದೂರಿನ ಅಕ್ಕ, ಡಿ.ಇಡಿ. ಮಾಡಿದ್ದಾರೆ, ಸ್ಕೂಟಿಯಲ್ಲಿ ಬರ್ತಾರೆ. ಅವರಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಶಾಲಾ ವರ್ಷ ಮುಗಿದ್ರೆ ಅವರ ಕೆಲಸವೂ ಮುಗೀತು. ಮುಂದಿನ ಜೂನ್‌ನಲ್ಲಿ ಇರ್ತಾರೋ ಇಲ್ವೋ ಅವರಿಗೇ ಗೊತ್ತಿಲ್ಲ. ಆದ್ರೂ ಗೋಡೆ ಮೇಲಿನ ನಲಿಕಲಿ ಏಣಿಗೆ ಹೊಸದಾಗಿ ಬಣ್ಣ ಹೊಡೆದಿದ್ದಾರೆ. (ಎರಡನೇ ಫೋಟೋ. ಮಕ್ಕಳ ಮುಖ ಎಲ್ಲೂ ತೆಗೆದಿಲ್ಲ, ಗಮನಿಸಿ.)

ನಲಿಕಲಿ ನಮ್ಮಲ್ಲಿ ಅರ್ಧ ಜನಕ್ಕಾದ್ರೂ ಗೊತ್ತು, ಸರ್ಕಾರಿ ಶಾಲೇಲಿ ಓದಿದೋರಿಗೆಲ್ಲ ಗೊತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ ಶುರುವಾಗಿದ್ದು. ಒಂದು, ಎರಡು, ಮೂರನೇ ಕ್ಲಾಸು ಒಂದೇ ಕೋಣೆ. ಮಕ್ಕಳು ಗುಂಪು ಗುಂಪಾಗಿ ತಟ್ಟೆಗಳಲ್ಲಿ ಕೂರೋದು, ಕಾರ್ಡ್ ತಗೊಂಡು ಅವರವರ ವೇಗದಲ್ಲಿ ಏಣಿ ಹತ್ತೋದು. ಒಬ್ಬ ಮೂರನೇ ಮೆಟ್ಟಿಲಲ್ಲಿ, ಇನ್ನೊಬ್ಬಳು ಹನ್ನೊಂದರಲ್ಲಿ. ಅಂದ್ರೆ ಯಾವ ಮಗು ಎಲ್ಲಿದೆ ಅಂತ ಟೀಚರ್ ತಲೇಲಿ ಇರಬೇಕು. ಆ ಟೀಚರ್ ಹೋದ್ರೆ?

ಇಲ್ಲೇ ನನಗೆ ಪೆಟ್ಟು ಬಿದ್ದಿದ್ದು.

ದಸರಾ ರಜೆ ಮುಗಿದ ಮೇಲೆ ಒಂದು ದಿನ ಸರ್ ಕರೆಸಿದ್ರು, "ಬಿಕಾಂ ಓದ್ತಿದ್ದೀಯಲ್ಲಮ್ಮ, ಈ ಎಕ್ಸೆಲ್ ಶೀಟ್ ಸ್ವಲ್ಪ ನೋಡು" ಅಂತ. ಟೇಬಲ್ ಮೇಲೆ ಒಂದು ಲಾಂಗ್ ಬುಕ್ ಇತ್ತು. ಹೋಗೋ ಮುಂಚೆ ಟೀಚರ್ ಬರೆದಿಟ್ಟಿದ್ದು. ಒಂದು ಮಗುವಿಗೆ ಒಂದು ಪುಟ. ಏಣಿಯಲ್ಲಿ ಎಲ್ಲಿದೆ, ಏನು ಬರುತ್ತೆ, ಏನು ಬರಲ್ಲ. "ಒತ್ತಕ್ಷರ ಬಂದ್ರೆ ನಿಲ್ಲುತ್ತಾನೆ, ಹೆದರಿಸಬೇಡಿ." "ಬೋರ್ಡ್ ಕಾಣೋದಿಲ್ಲ ಅನ್ನಿಸುತ್ತೆ, ಕಣ್ಣು ಪರೀಕ್ಷೆ ಆಗಬೇಕು." "ಸೋಮವಾರ ಹಸಿದು ಬರುತ್ತಾಳೆ, ಹಾಲು ಮೊದಲು ಕೊಡಿ."

ಸರ್ ಪುಟ ತಿರುಗಿಸಿ, "ನಿನ್ನ ತಮ್ಮಂದು ನೋಡು" ಅಂದ್ರು. ಅವನು ಚಿಕ್ಕಪ್ಪನ ಮಗ, ಐದನೇ ಕ್ಲಾಸು. ಒಂದೇ ಮನೆ, ನಮಗೆ ಆ ವ್ಯತ್ಯಾಸ ಇಲ್ಲ. ಅವನ ಪುಟದಲ್ಲಿ ಹೀಗಿತ್ತು: "ಭಾಗಾಕಾರ ಕಷ್ಟ. ಮನೆಯಲ್ಲಿ ಅಕ್ಕ ದಿನಾ ಹೇಳಿಕೊಡುತ್ತಾಳೆ, ಆದ್ದರಿಂದ ಚಿಂತೆ ಇಲ್ಲ."

ನಾನು ಅವನ ಪಕ್ಕ ಒಂದು ದಿನವೂ ಕೂತಿಲ್ಲ. ಅವನು ಟೀಚರ್ ಹತ್ರ ಸುಳ್ಳು ಹೇಳಿದ್ದ. ನನ್ನ ಮರ್ಯಾದೆ ಉಳಿಸೋಕೋ, ತನ್ನ ಮರ್ಯಾದೆ ಉಳಿಸೋಕೋ, ಇನ್ನೂ ಕೇಳಿಲ್ಲ. "ಬಡವರ ಮಕ್ಕಳು ಯಾರಿಗೆ ಬೇಕು" ಅಂತ ಸ್ಟೋರಿ ಹಾಕಿದೋಳು ನಾನೇ ತಾನೆ.

(4/6)

ಅದೇ ಬುಕ್ಕಲ್ಲಿ ಎರಡು ಪುಟದ ಮೇಲೆ ಸರ್ ಕೆಂಪು ಪೆನ್ನಲ್ಲಿ "ಟಿ.ಸಿ." ಅಂತ ಬರೆದಿದ್ರು. ಜೂನ್‌ನಲ್ಲಿ 36 ಮಕ್ಕಳಿದ್ರು. ಈಗ 34.

ಯಾಕೆ ಹೋದ್ರು ಅಂತ ಕೇಳಿದೆ. ಸರ್ ಸುಮ್ಮನಾದ್ರು. ರಾತ್ರಿ ಅಮ್ಮ ಹೇಳಿದ್ರು. ಆಗಸ್ಟ್ ಕೊನೇಲಿ ನಡೆದ ಮೀಟಿಂಗಲ್ಲಿ ಒಬ್ಬರು ಫೋನ್ ಎತ್ತಿ ತೋರಿಸಿದ್ರಂತೆ. "ನೋಡ್ರಪ್ಪ, ಇದೇ ಶಾಲೇಲಿ ಓದಿರೋ ನಮ್ಮ ಹುಡುಗೀನೇ ಬರ್ದವಳೆ. ಇನ್ನು ಇಲ್ಲಿ ಏನೈತೆ?" ನನ್ನ ಸ್ಟೋರಿ. ಅದರ ಸ್ಕ್ರೀನ್‌ಶಾಟ್. ಸ್ಟೋರಿ 24 ಗಂಟೆಗೆ ಹೋಗುತ್ತೆ, ಸ್ಕ್ರೀನ್‌ಶಾಟ್ ಹೋಗಲ್ಲ. ಮುಂದಿನ ವಾರ ಎರಡು ಮಕ್ಕಳು ಪ್ರೈವೇಟ್ ಶಾಲೆ ವ್ಯಾನ್ ಹತ್ತಿದ್ವು. ಆ ಮನೆಯವರನ್ನ ನಾನು ದೂರಲ್ಲ. ಮಕ್ಕಳ ವಿಷಯದಲ್ಲಿ ಭಯ ಬಿದ್ರೆ ಯಾರಾದ್ರೂ ಹಾಗೇ ಮಾಡ್ತಾರೆ. ಆದ್ರೆ ಆ ಭಯ ಕೊಟ್ಟಿದ್ದು ನಾನು.

ಈಗ ಒಂದು ಲೆಕ್ಕ ಹೇಳ್ತೀನಿ, ಕಾಮರ್ಸ್‌ನೋರು ಗಮನ ಕೊಡಿ. ಬಿಸಿಯೂಟಕ್ಕೆ ಎಷ್ಟು ಜನ ಅಡುಗೆಯವರು ಅನ್ನೋದು ಮಕ್ಕಳ ಸಂಖ್ಯೆ ಮೇಲೆ ಇರುತ್ತೆ. 25 ಮಕ್ಕಳವರೆಗೆ ಒಬ್ಬರು. 26ರಿಂದ 100ರವರೆಗೆ ಇಬ್ಬರು. ನಮ್ಮ ಶಾಲೇಲಿ ಈಗ ಇಬ್ಬರು, ಅಮ್ಮ ಮತ್ತು ಇನ್ನೊಬ್ಬ ಅಕ್ಕ. 34ರಲ್ಲಿ ಒಂಬತ್ತು ಹೋದ್ರೆ 25. ಒಂದು ವ್ಯಾನಿಗೆ ಒಂಬತ್ತು ಮಕ್ಕಳು ಏನೂ ಅಲ್ಲ. ಆಮೇಲೆ ಇಬ್ಬರಲ್ಲಿ ಒಬ್ಬರು ಮನೇಲಿ ಕೂರಬೇಕಾಗಬಹುದು. ಇನ್ನೂ ಕಮ್ಮಿಯಾದ್ರೆ ಶಿಕ್ಷಕರ ಹುದ್ದೆಯನ್ನೇ ಹೆಚ್ಚುವರಿ ಅಂತ ಬೇರೆ ಶಾಲೆಗೆ ಕೊಡಬಹುದು. ಮಕ್ಕಳಿಲ್ಲ ಅಂತ ಟೀಚರ್ ಹೋಗ್ತಾರೆ, ಟೀಚರ್ ಇಲ್ಲ ಅಂತ ಮಕ್ಕಳು ಹೋಗ್ತಾರೆ. ಎರಡು ಕಡೆಯಿಂದಲೂ ಸವೆಯೋ ಹಗ್ಗ ಇದು.

ನನ್ನ ಸೆಮಿಸ್ಟರ್ ಫೀಸಲ್ಲಿ ಅಮ್ಮನ ಆ ಗೌರವಧನವೂ ಸೇರಿದೆ. ಎರಡು ತಿಂಗಳು ಅಮ್ಮ ಈ ಮಾತು ಎತ್ತಲಿಲ್ಲ. "ಯಾಕಮ್ಮ ಹೇಳಲಿಲ್ಲ?" ಅಂದ್ರೆ, "ನಿಂಗೆ ಪರೀಕ್ಷೆ ಇತ್ತಲ್ಲ" ಅಂದ್ರು.

(5/6)

ಸರಿ, ಅಳೋದು ಮುಗೀತು. ಶಾಲೆ ಹೇಗೆ ನಡೀತಿದೆ ಅಂತ ಹೇಳ್ತೀನಿ, ಯಾಕಂದ್ರೆ ನಡೀತಿದೆ.

ಅಮ್ಮ ಈಗ ಮುಂಚೆಗಿಂತ ಬೇಗ ಹೋಗ್ತಾರೆ. ಬೆಲ್ಲು ಹೊಡೆಯೋದರೊಳಗೆ ಹಾಲು ಕಾದಿರಬೇಕು. ನಾನು ಮೂರನೇ ಕ್ಲಾಸಲ್ಲಿದ್ದಾಗ, 2013ರ ಆಗಸ್ಟ್‌ನಲ್ಲಿ, ಕ್ಷೀರಭಾಗ್ಯ ಶುರುವಾಗಿತ್ತು. ಆಗ ಬರೀ ಹಾಲು, ಕೆನೆ ಕಟ್ಟಿದ್ರೆ ನಾವು ಮೂಗು ಮುರೀತಿದ್ವಿ. ಈಗ ರಾಗಿ ಮಾಲ್ಟ್ ಬೆರೆಸ್ತಾರೆ. ತಮ್ಮನಿಗೆ ಅದೇ ಇಷ್ಟ. ಮಧ್ಯಾಹ್ನ ಊಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಸುಲಿಯೋ ಕೆಲಸ ಜಾಸ್ತಿ ಅಂತ ಅಮ್ಮ ಗೊಣಗ್ತಾರೆ. ಆದ್ರೆ ಮಕ್ಕಳು ಸುಲಿಸಿಕೊಳ್ಳೋಕೆ ಅಮ್ಮನ ಹತ್ರಾನೇ ಬರಬೇಕು, ಬೇರೆಯವರ ಹತ್ರ ಹೋದ್ರೆ ಅದಕ್ಕೂ ಗೊಣಗ್ತಾರೆ.

ಪ್ರಾರ್ಥನೆ ಆದ ಮೇಲೆ ಸಂವಿಧಾನದ ಪೀಠಿಕೆ ಓದ್ತಾರೆ. ದಿನಕ್ಕೊಂದು ಮಗು ಓದಿಸುತ್ತೆ. ಮಧ್ಯೆ ಎರಡು ಸಲ ನೀರಿನ ಬೆಲ್ಲು, ಆಗ ಎಲ್ಲರೂ ಬಾಟಲಿ ಎತ್ತಲೇಬೇಕು. ನಲಿಕಲಿ ಕೋಣೆ ಹೊಸ ಅಕ್ಕಂದು, ನಾಲ್ಕು ಮತ್ತು ಐದು ಸರ್‌ದು.

ಸರ್ ಮೀಟಿಂಗಿಗೆ ಹೋದ ದಿನ ಐದೂ ಕ್ಲಾಸಿಗೆ ಒಬ್ಬರೇ. ಅಂಥ ದಿನಕ್ಕೆ ಅಕ್ಕ ಒಂದು ಪದ್ಧತಿ ಮಾಡಿದ್ದಾರೆ. ಐದನೇ ಕ್ಲಾಸಿನ ಪ್ರತಿಯೊಬ್ಬರಿಗೂ ಒಂದನೇ ಕ್ಲಾಸಿನ ಒಂದು ಮಗು. ಪಕ್ಕದಲ್ಲಿ ಕೂರಿಸ್ಕೊಂಡು ಕಥೆ ಪುಸ್ತಕ ಓದಿ ಹೇಳಬೇಕು. ನಮ್ಮ ತಮ್ಮ, ಭಾಗಾಕಾರಕ್ಕೆ ಹೆದರೋ ಇವನು, ಒಂದನೇ ಕ್ಲಾಸಿನ ಹುಡುಗನಿಗೆ "ನಿಧಾನ ಓದು, ಹೆದ್ರಬ್ಯಾಡ" ಅಂತಾನಂತೆ. ಟೀಚರ್ ಮಾತು ಅದು. ಅವರು ಹೋದ್ರೂ ಅವರ ಮಾತು ಇಲ್ಲೇ ಇದೆ.

ಇದು ಸಾಕು ಅಂತ ನಾನು ಹೇಳ್ತಿಲ್ಲ. ಐದು ಕ್ಲಾಸಿಗೆ ಇಬ್ಬರು ಸಾಲಲ್ಲ, ಅದರಲ್ಲೂ ಒಬ್ಬರದು ಗ್ಯಾರಂಟಿ ಇಲ್ಲದ ಕೆಲಸ. ಖಾಲಿ ಹುದ್ದೆಗೆ ಕಾಯಂ ಶಿಕ್ಷಕರು ಬರಲೇಬೇಕು, ಎಸ್.ಡಿ.ಎಂ.ಸಿ.ಯಿಂದ ಅರ್ಜಿ ಹೋಗಿದೆ. ನಾನು ಕೇಳಬೇಕಾಗಿದ್ದ ಪ್ರಶ್ನೆ "ಯಾಕೆ ಹೋದ್ರು" ಅಲ್ಲ, "ಅವರ ಜಾಗಕ್ಕೆ ಯಾಕೆ ಇನ್ನೂ ಯಾರೂ ಬಂದಿಲ್ಲ" ಅನ್ನೋದು. ಸಿಟ್ಟು ಸರಿಯಾಗಿತ್ತು, ವಿಳಾಸ ತಪ್ಪಾಗಿತ್ತು.

(6/6)

ಮುಂದೆ ಏನೇನಿದೆ, ಸೇವ್ ಮಾಡ್ಕೊಳ್ಳಿ:

ನವೆಂಬರ್ 1, ರಾಜ್ಯೋತ್ಸವ. ಬೆಳಿಗ್ಗೆ ಧ್ವಜ, ಆಮೇಲೆ ಊರೊಳಗೆ ಮಕ್ಕಳ ಮೆರವಣಿಗೆ. ಅಮ್ಮ ಕೇಸರಿಬಾತ್ ಮಾಡ್ತಾರೆ.

ನವೆಂಬರ್ 14, ಮಕ್ಕಳ ದಿನ. ಅವತ್ತೇ ಪೋಷಕರ ಸಭೆ. ಆ ಸಭೆಯಲ್ಲಿ ನಾನು ಎದ್ದು ನಿಂತು, ಆ ಸ್ಟೋರಿ ತಪ್ಪು ಅಂತ ಎಲ್ಲರ ಮುಂದೆ ಹೇಳ್ತೀನಿ. ಸರ್ ಹತ್ರ ಒಪ್ಪಿಗೆ ಕೇಳಿದ್ದೀನಿ. ಈಗಲೇ ಕೈ ನಡುಗ್ತಿದೆ.

ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ. ದಿನಾಂಕ ಸಿ.ಆರ್.ಪಿ. ತಿಳಿಸ್ತಾರೆ. ನಮ್ಮ ಶಾಲೆಯಿಂದ ಛದ್ಮವೇಷ, ಕಥೆ ಹೇಳುವುದು, ಅಭಿನಯ ಗೀತೆ. ಛದ್ಮವೇಷಕ್ಕೆ ಹಳೇ ಸೀರೆ, ಪೇಟ, ಅಜ್ಜನ ಕನ್ನಡಕ ಇದ್ರೆ ಕೊಡಿ.

ತಿಂಗಳಿಗೊಂದು ಸಂಭ್ರಮ ಶನಿವಾರ, ಅವತ್ತು ಬ್ಯಾಗ್ ಇಲ್ಲ. ಸರ್ ಒಪ್ಪಿ, ಉಳಿದ ಶನಿವಾರಗಳಲ್ಲೂ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನನಗೆ ಕೊಟ್ಟಿದ್ದಾರೆ. ನಾಲ್ಕು ಮತ್ತು ಐದನೇ ಕ್ಲಾಸಿಗೆ ಲೆಕ್ಕ. ನಾನು ಟೀಚರ್ ಅಲ್ಲ, ಟೀಚರ್ ಜಾಗ ತುಂಬೋಕೂ ಆಗಲ್ಲ. ಮಗ್ಗಿ ಹೇಳಿಸಬಲ್ಲೆ, ಅಷ್ಟೇ. ನಮ್ಮೂರ ಹಳೇ ವಿದ್ಯಾರ್ಥಿಗಳು ಯಾರಾದ್ರೂ ಇದ್ರೆ, ಬಂದು ಜೊತೆಗೆ ಕೂತ್ಕೊಳ್ಳಿ. ಬರೋ ಮುಂಚೆ ಸರ್‌ಗೆ ಹೇಳಿ, ಮಕ್ಕಳ ಫೋಟೋ ತೆಗೀಬೇಡಿ.

ನಿಮ್ಮಿಂದ ಒಂದೇ ಕೆಲಸ ಆಗಬೇಕು. ಆಗಸ್ಟ್‌ನ ಆ ಸ್ಟೋರಿಯ ಸ್ಕ್ರೀನ್‌ಶಾಟ್ ನಿಮ್ಮ ಫೋನಲ್ಲಿದ್ರೆ ಡಿಲೀಟ್ ಮಾಡಿ. ಯಾರಿಗಾದ್ರೂ ಕಳಿಸಿದ್ರೆ, ಅವರಿಗೆ ಇದನ್ನೂ ಕಳಿಸಿ. ಅದು ಹೋದಷ್ಟು ವೇಗವಾಗಿ ಇದು ಹೋಗಲ್ಲ ಅಂತ ಗೊತ್ತು, ಇದರಲ್ಲಿ ಬೈಗುಳ ಇಲ್ಲವಲ್ಲ.

ಟೀಚರ್‌ಗೆ ನಿನ್ನೆ ಫೋನ್ ಮಾಡಿದೆ. ಕ್ಷಮೆ ಕೇಳೋಕೆ ಮುಂಚೆ ಮೂರು ಸಲ ನೀರು ಕುಡಿದೆ. ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ, "ತಮ್ಮನಿಗೆ ಭಾಗಾಕಾರ ಎಲ್ಲಿವರೆಗೂ ಬಂತು? ನೀನೇ ಹೇಳಿಕೊಡ್ತಿದ್ದೀಯಲ್ಲ" ಅಂದ್ರು.

"ಶೇಷ ಬರೋ ಲೆಕ್ಕದಲ್ಲಿ ತಪ್ಪು ಮಾಡ್ತಿದ್ದಾನೆ ಟೀಚರ್" ಅಂದೆ. ಆರು ದಿನದ ಹಿಂದೆ ಕೇಳಿದ್ರೆ ನನಗೆ ಉತ್ತರ ಗೊತ್ತಿರ್ತಿರಲಿಲ್ಲ.

ಅವನು ಈಗ ಪಕ್ಕದಲ್ಲೇ ಕೂತು 47ನ್ನು 6ರಿಂದ ಭಾಗಿಸ್ತಿದ್ದಾನೆ. ಶೇಷ 11 ಅಂತಾನೆ. ಹೋಗ್ಬೇಕು ನಾನು.

#ನಮ್ಮೂರಶಾಲೆ #ಸರ್ಕಾರಿಶಾಲೆ #ನಲಿಕಲಿ #ಬಿಸಿಯೂಟ