ಪಥ್ಯವೂ ಸಂತೆಯೂ

ಪಥ್ಯವೆಂಬ ಮಾತನ್ನು ಕೇಳಿದೊಡನೆ ಜನರ ಮುಖ ಬಾಡುವುದು ವಾಡಿಕೆ. ಉಪ್ಪಿಲ್ಲದ ಗಂಜಿ, ಹುಳಿಯಿಲ್ಲದ ಸಾರು, ಒಬ್ಬರಿಗೆಂದು ಒಲೆಯ ಮೂಲೆಯಲ್ಲಿ ಬೇರೆಯಾಗಿಟ್ಟ ಸಣ್ಣ ಪಾತ್ರೆ, ಇವೇ ಆ ಮಾತಿನೊಡನೆ ಕಣ್ಣಮುಂದೆ ಬರುವ ಚಿತ್ರಗಳು. ಆದರೆ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಪಥ್ಯಕ್ಕೆ ಕೊಟ್ಟಿರುವ ಲಕ್ಷಣವನ್ನು ನೋಡಿದರೆ ಅದು ಇಷ್ಟು ನೀರಸವಾದುದಲ್ಲವೆಂದು ತಿಳಿಯುವುದು. ದೇಹದ ಮಾರ್ಗಗಳಿಗೆ ಕೇಡು ಮಾಡದಿರುವುದು ಅದರ ಒಂದು ಅಂಗ; ಮನಸ್ಸಿಗೆ ಪ್ರಿಯವಾಗಿರುವುದು ಮತ್ತೊಂದು ಅಂಗ. ಆಚಾರ್ಯರು ಎರಡನ್ನೂ ಒಟ್ಟಿಗೆ ಹೇಳಿದರು. ಗೃಹಸ್ಥರು ಮೊದಲನೆಯದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡರು. ಮರೆತುಹೋದ ಆ ಅರ್ಧಭಾಗವನ್ನು ಉಡುಪಿಯ ನಾಲ್ವರು ಹಳೆಯ ಗೆಳೆಯರು ಬುಧವಾರದ ಸಂತೆಯಲ್ಲಿ ಮರಳಿ ಪಡೆದ ಬಗೆಯು ಇಲ್ಲಿ ಹೇಳತಕ್ಕ ವಿಷಯ.

ಈ ನಾಲ್ವರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಓದಿದವರು. ಒಬ್ಬರು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತರಾದವರು, ಒಬ್ಬರು ವೈದ್ಯರು, ಒಬ್ಬರು ಪುರೋಹಿತರು, ಇನ್ನೊಬ್ಬರು ಮಲ್ಪೆಯ ಮೀನುಗಾರರ ಮನೆಯಲ್ಲಿ ಹುಟ್ಟಿ ಅಂಚೆಯ ಇಲಾಖೆಯಲ್ಲಿ ದುಡಿದವರು. ಎಪ್ಪತ್ತರ ಸಮೀಪಕ್ಕೆ ಬಂದರೂ ತಮ್ಮೊಳಗೆ ಏಕವಚನವನ್ನು ಬಿಟ್ಟವರಲ್ಲ. ಇವರಲ್ಲಿ ಬ್ಯಾಂಕಿನವರಿಗೆ ಮಧುಮೇಹವು ಕಾಣಿಸಿಕೊಂಡಿತು. ಅವರಿಗೆ ಜೊತೆಗಾರರು ಕಡಮೆಯೇನೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಗೂ ಮಿಗಿಲು. ಆದರೆ ಕೋಟಿ ಜನರ ರೋಗವೆಂಬುದು ಊಟದ ಎಲೆಯ ಮುಂದೆ ಕುಳಿತವನಿಗೆ ಸಮಾಧಾನವನ್ನು ತರಲಾರದು.

ಅವರು ಪಥ್ಯವನ್ನು ಶಿಕ್ಷೆಯೆಂದು ಸ್ವೀಕರಿಸಿದರು. ಮೊದಲು ಮದುವೆ ಮುಂಜಿಗಳ ಊಟವನ್ನು ಬಿಟ್ಟರು. ಬಳಿಕ, ಹೋದಲ್ಲಿ ಏನಾದರೂ ತಿನ್ನಬೇಕಾದೀತೆಂದು ಗೆಳೆಯರ ಮನೆಗೆ ಹೋಗುವುದನ್ನೇ ಬಿಟ್ಟರು. ರಾತ್ರಿಗೆ ಎರಡು ಒಣ ಚಪಾತಿ, ಬೆಳಿಗ್ಗೆ ಅದರ ಅರ್ಧ. ಅವರ ಪತ್ನಿಯು ಹಬ್ಬದ ದಿನವೂ ಪಾಯಸಕ್ಕೆ ಪಾತ್ರೆಯಿಡದಾದರು. ತಾವು ಉಣ್ಣುವುದು ಗಂಡನ ಕಣ್ಣಿಗೆ ಬೀಳಬಾರದೆಂದು ಅಡಿಗೆಯ ಮನೆಯ ಬಾಗಿಲನ್ನು ಮುಂದೆ ಮಾಡಿಕೊಂಡು ಊಟ ಮುಗಿಸತೊಡಗಿದರು. ಐವತ್ತು ವರ್ಷ ಒಟ್ಟಿಗೆ ಉಂಡ ಮನೆಯಲ್ಲಿ ಎರಡು ಮೌನವಾದ ಊಟಗಳಾದುವು. ವೈದ್ಯರು ಬಯಸಿದುದಕ್ಕಿಂತಲೂ ಹೆಚ್ಚಾಗಿ ಅವರ ಮೈ ಇಳಿಯಿತು. “ಸಕ್ಕರೆ ಇಳಿಯುವುದಕ್ಕೆ ಮೊದಲು ಮನುಷ್ಯನೇ ಇಳಿದುಹೋದನಲ್ಲ!” ಎಂದು ಅಂಚೆಯವರು ಮರುಗಿದರು.

ಉಪಾಯವನ್ನು ಕಂಡವರು ಪುರೋಹಿತರು. ಚಾತುರ್ಮಾಸ್ಯದಲ್ಲಿ ಮೊದಲನೆಯ ತಿಂಗಳು ಶಾಕವ್ರತ, ತರುವಾಯ ದಧಿವ್ರತ, ಕ್ಷೀರವ್ರತ, ಕಡೆಯಲ್ಲಿ ದ್ವಿದಳವ್ರತ ಎಂದು ನಾಲ್ಕು ತಿಂಗಳೂ ಒಂದಲ್ಲ ಒಂದನ್ನು ಬಿಡುವ ಸಂಪ್ರದಾಯವು ಮಾಧ್ವರ ಮನೆಗಳಲ್ಲಿ ಉಂಟಷ್ಟೆ. ತರಕಾರಿಯೇ ಇಲ್ಲದ ತಿಂಗಳಲ್ಲಿಯೂ ಯಾರೂ ಅಳುವುದಿಲ್ಲ. ಏತಕ್ಕೆಂದರೆ ಮನೆಯೆಲ್ಲವೂ, ಮಠವೆಲ್ಲವೂ ಅದನ್ನು ಒಟ್ಟಿಗೆ ನಡೆಯಿಸುತ್ತದೆ. ಯಾರ ಎಲೆಯೂ ಬೇರೆಯಾಗಿ ಕಾಣದು. ಒಬ್ಬನೇ ಮಾಡಿದರೆ ಪಥ್ಯ, ಹಲವರು ಮಾಡಿದರೆ ವ್ರತ; ನಾಲ್ವರೂ ಹಿಡಿಯೋಣವೆಂದು ಅವರು ಹೇಳಿದರು. ಗೆಳೆಯರೆಲ್ಲರೂ ವಾರಕ್ಕೊಮ್ಮೆ ಸಂತೆಗೆ ಒಟ್ಟಿಗೆ ಹೋಗತಕ್ಕದ್ದು, ಆ ದಿನ ಒಂದು ಮನೆಯಲ್ಲಿ ಎಲ್ಲರೂ ಒಂದೇ ಅಡಿಗೆಯನ್ನು ಉಣ್ಣತಕ್ಕದ್ದು ಎಂದು ನಿಶ್ಚಯವಾಯಿತು.

2025ನೆಯ ಇಸವಿಯಲ್ಲಿ ಮಕರ ಸಂಕ್ರಾಂತಿಯ ಮರುದಿನವೇ ಬುಧವಾರವಾಗಿತ್ತು. ಅಂದು ಬೆಳಿಗ್ಗೆ ನಾಲ್ವರೂ ಬಟ್ಟೆಯ ಚೀಲಗಳನ್ನು ಹಿಡಿದು, ಮಲ್ಪೆಗೆ ಹೋಗುವ ದಾರಿಯಲ್ಲಿರುವ ಆದಿ ಉಡುಪಿಯ ಸಂತೆಗೆ ಹೊರಟರು. ಘಟ್ಟದ ಮೇಲಿನಿಂದ ಲಾರಿಗಳಲ್ಲಿ ಬಂದ ಈರುಳ್ಳಿ, ಕೋಸು, ಟೊಮೇಟೊಗಳ ರಾಶಿಗಳು ಒಂದು ಕಡೆ. ನೆಲದ ಮೇಲೆ ಗೋಣಿಯನ್ನು ಹಾಸಿ ಹೆಂಗಸರು ಹರಡಿದ್ದ ಊರ ತರಕಾರಿ ಇನ್ನೊಂದು ಕಡೆ. ಬಸಳೆಯ ಸೂಡಿಗಳು, ಕೆಂಪು ಹರಿವೆ, ಅಲಸಂಡೆ, ತೊಂಡೆ, ಹಾಗಲ, ಬಾಳೆಯ ದಿಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದೆಲಗ. ಬ್ಯಾಂಕಿನವರು ಮೊದಲು ಒಂದು ಮೂಲೆಯಲ್ಲಿ ಚೀಲವನ್ನು ಅಪ್ಪಿಕೊಂಡು ನಿಂತೇ ಇದ್ದರು.

ಅವರನ್ನು ಮಾತಿಗೆಳೆದುದು ಒಂದು ಲೆಕ್ಕ. ದಿನಕ್ಕೆ ಒಬ್ಬನು ಕನಿಷ್ಠ 400 ಗ್ರಾಂ ತರಕಾರಿ ಹಣ್ಣುಗಳನ್ನು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೆಂದೂ, ಆಲೂಗಡ್ಡೆಯಂಥ ಪಿಷ್ಟದ ಗಡ್ಡೆಗಳು ಆ ಲೆಕ್ಕಕ್ಕೆ ಬಾರವೆಂದೂ ವೈದ್ಯರು ಹೇಳಿದರು. ಬ್ಯಾಂಕಿನವರ ತುಟಿಗಳು ತಾವಾಗಿಯೇ ಅಲುಗಿದುವು: ಗಂಡಹೆಂಡಿರಿಬ್ಬರಿಗೆ ದಿನಕ್ಕೆ 800 ಗ್ರಾಂ, ವಾರಕ್ಕೆ 5 ಕಿಲೋ 600 ಗ್ರಾಂ. ಅವರ ಮನೆಗೆ ಬರುತ್ತಿದ್ದುದು ಇದರ ಅರ್ಧವೂ ಅಲ್ಲ. ಸಕ್ಕರೆಯನ್ನು ಬಿಟ್ಟ ಮನುಷ್ಯನು ಸೊಪ್ಪನ್ನೂ ಬಿಟ್ಟಿದ್ದನು! ಬಿಡಬೇಕಾದುದರ ಪಟ್ಟಿಯೊಂದೇ ಕೈಯಲ್ಲಿದ್ದವರಿಗೆ ಕೊಳ್ಳಬೇಕಾದುದರ ಪಟ್ಟಿಯೊಂದು ಅಂದು ದೊರೆಯಿತು. ಅನಂತರ ತಕ್ಕಡಿಯ ಬಳಿ ನಿಂತು ಮುಳ್ಳನ್ನು ನೋಡುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

ವಿನೋದಕ್ಕೂ ಕೊರತೆಯಿರಲಿಲ್ಲ. ಬೆಲ್ಲವು ಸಕ್ಕರೆಯಲ್ಲವೆಂದು ವಾದಿಸಿ ಪುರೋಹಿತರು ಒಂದು ಅಚ್ಚನ್ನು ಕೈಗೆತ್ತಿಕೊಂಡರು. ಅದರಲ್ಲಿ ಇರುವುದೂ ಬಹುಮಟ್ಟಿಗೆ ಕಬ್ಬಿನ ಸಕ್ಕರೆಯೇ, ಬಣ್ಣ ಬೇರೆಯಾದ ಮಾತ್ರಕ್ಕೆ ರಕ್ತವು ಮೋಸಹೋಗದೆಂದು ವೈದ್ಯರು ಅದನ್ನು ಮರಳಿ ಅಂಗಡಿಯಲ್ಲಿಡಿಸಿದರು. ಕೆಂಪು ಕುಚ್ಚಲಕ್ಕಿಗೆ ಮಾತ್ರ ಅವರ ಒಪ್ಪಿಗೆ ದೊರೆಯಿತು. ಭತ್ತವನ್ನು ಉಮಿಯೊಡನೆಯೇ ಬೇಯಿಸಿ ಒಣಗಿಸುವುದರಿಂದ ತೌಡಿನ ಸಾರವು ಸ್ವಲ್ಪಮಟ್ಟಿಗೆ ಕಾಳಿನ ಒಳಗೆ ಇಳಿಯುವುದು. ಹೊರಪದರವು ಉಳಿದ ಅಕ್ಕಿಯಲ್ಲಿ ನಾರೂ ಉಂಟು. ಆದರೂ ಅನ್ನವು ಅನ್ನವೇ. ಸೌಟಿನ ಲೆಕ್ಕವನ್ನು ಬಿಡುವಂತಿಲ್ಲವೆಂದು ಅವರು ಎಚ್ಚರಿಸಿದರು.

ಸಂತೆಯ ಕೊನೆಯಲ್ಲಿ ಮುದುಕಿಯೊಬ್ಬಳ ಬುಟ್ಟಿಯಲ್ಲಿ ಮಟ್ಟುಗುಳ್ಳವಿತ್ತು. ಕಟಪಾಡಿಯ ಸಮೀಪದ ಮಟ್ಟು ಗ್ರಾಮದಲ್ಲಿ ಬೆಳೆಯುವ ಈ ದುಂಡಗಿನ ಹಸುರು ಬದನೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಇದರ ಬೀಜವನ್ನು ಸೋದೆಯ ಮಠದ ವಾದಿರಾಜರು 16ನೆಯ ಶತಮಾನದಲ್ಲಿ ಮಟ್ಟುವಿನವರಿಗೆ ಅನುಗ್ರಹಿಸಿದರೆಂಬುದು ಸಂಪ್ರದಾಯ. ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ಸಮಯದಲ್ಲಿ ಊರವರು ಇದನ್ನು ಶ್ರೀಕೃಷ್ಣಮಠಕ್ಕೆ ಹೊರೆಕಾಣಿಕೆಯಾಗಿ ಒಪ್ಪಿಸುವರು. ಬ್ಯಾಂಕಿನವರು ಒಂದು ಕಾಯನ್ನು ಎತ್ತಿ, ತೊಟ್ಟಿನ ಮುಳ್ಳನ್ನು ಬೆರಳಿನಿಂದ ಮುಟ್ಟಿ, ತೆಳುವಾದ ಸಿಪ್ಪೆಯನ್ನೂ ಮೈಮೇಲಿನ ಬಿಳಿಯ ಗೆರೆಗಳನ್ನೂ ಬಿಸಿಲಿಗೆ ಹಿಡಿದು ನೋಡಿದರು. “ಇದು ನನಗೆ ಆಗುತ್ತದೆಯೆ?” ಎಂದು ಮಗುವಿನಂತೆ ಕೇಳಿದರು. “ಆಗುತ್ತದೆ. ಎಣ್ಣೆಯಲ್ಲಿ ಮುಳುಗಿಸದಿದ್ದರೆ ಎರಡನೆಯ ಸಲವೂ ಬಡಿಸಿಕೊಳ್ಳಬಹುದು” ಎಂದು ವೈದ್ಯರು ಹೇಳಿದರು. ಬೇಡವೆಂಬುದನ್ನೇ ಕೇಳಿ ಬಳಲಿದ್ದ ಕಿವಿಗೆ ಆ ಒಂದು ಮಾತು ಎಷ್ಟು ಹಿತವಾಗಿರಬೇಕೆಂಬುದನ್ನು ವಾಚಕರು ಊಹಿಸಬಹುದು.

ಅಂದಿನ ಊಟ ಬ್ಯಾಂಕಿನವರ ಮನೆಯಲ್ಲಿ. ಒಂದೆಲಗದ ತಂಬುಳಿ, ಹರಿವೆಯ ಪಲ್ಯ, ಗುಳ್ಳದ ಬೋಳುಹುಳಿ, ಅಳೆದು ಬಡಿಸಿದ ಕೆಂಪನ್ನ. ಮೀನಿಲ್ಲದೆ ಅನ್ನ ಇಳಿಯದೆಂದು ಹೆಸರಾಗಿದ್ದ ಅಂಚೆಯವರು ತಂಬುಳಿಯನ್ನು ಮೂರು ಸಲ ಕೇಳಿದರು. ಬಡಿಸಿ ಒಳಕ್ಕೆ ಹೋಗಲಿದ್ದ ಮನೆಯಾಕೆಯನ್ನು ಪುರೋಹಿತರು ತಡೆದು, ವ್ರತದಲ್ಲಿ ಬೇರೆ ಪಂಕ್ತಿಯಿಲ್ಲವೆಂದು ಐದನೆಯ ಎಲೆಯನ್ನು ತಾವೇ ಹಾಕಿದರು. ಎಷ್ಟೋ ತಿಂಗಳ ಮೇಲೆ ಗಂಡಹೆಂಡಿರು ಎದುರೆದುರು ಕುಳಿತು ಉಂಡರು. ಆಗ ಯಾರೂ ಹೆಚ್ಚು ಮಾತನಾಡಲಿಲ್ಲ.

ರಕ್ತದ ಕೆಂಪುಕಣದ ಆಯುಸ್ಸು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆಯನ್ನು ಅಳೆದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಯುವ ಪರೀಕ್ಷೆಯೊಂದಿದೆ. ಏಪ್ರಿಲಿನಲ್ಲಿ ಅದನ್ನು ಮಾಡಿಸಿದಾಗ ಅಂಕಿಯು ಸ್ವಲ್ಪ ಇಳಿದಿತ್ತು, ಪವಾಡವೇನೂ ನಡೆದಿರಲಿಲ್ಲ. ಮಾತ್ರೆಗಳು ನಿಲ್ಲಲಿಲ್ಲ, ನಿಲ್ಲಿಸಬೇಕೆಂದು ವೈದ್ಯರು ಹೇಳಲೂ ಇಲ್ಲ. ಆದರೆ ಬಡಕಲಾಗಿದ್ದ ಮೈಗೆ ತುಸು ಕಳೆ ಬಂದಿತ್ತು. ಸಂಜೆ ಗೆಳೆಯರ ಜಗಲಿಯಲ್ಲಿ ಅವರ ಚಪ್ಪಲಿಗಳು ಮತ್ತೆ ಕಾಣತೊಡಗಿದ್ದುವು. ಔಷಧಿಯು ತನ್ನ ಕೆಲಸವನ್ನು ಮಾಡಿತು, ಸೊಪ್ಪು ತನ್ನ ಕೆಲಸವನ್ನು ಮಾಡಿತು. ಅವೆರಡೂ ದಿನದಿನವೂ ಹೊಟ್ಟೆಗೆ ಸೇರುವಂತೆ ಮಾಡಿದುದು ಸ್ನೇಹ.

ಬುಧವಾರದ ಪದ್ಧತಿ ಆ ಮೇಲೆಯೂ ನಿಲ್ಲಲಿಲ್ಲ. ಮಳೆಗಾಲದಲ್ಲಿ ಗುಳ್ಳವು ಮುಗಿದು ಕೆಸುವಿನ ಎಲೆ ಬಂದಾಗ ಪತ್ರೊಡೆಗೆ ಎಷ್ಟು ಅಕ್ಕಿಯೆಂಬುದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಆ ಚರ್ಚೆಯನ್ನು ತೀರ್ಮಾನಿಸಿದವರು ಬ್ಯಾಂಕಿನವರ ಪತ್ನಿ. ಗಂಡಸರು ಆರಿಸಿ ತರುವ ಎಲೆಗಳು ಬಲಿತಿರುತ್ತವೆಂದು ಹೇಳಿ, ಅಂದಿನಿಂದ ಅವರೂ ಒಂದು ಚೀಲವನ್ನು ಹಿಡಿದು ಸಂತೆಗೆ ಬರುತ್ತಿದ್ದಾರೆ.